ಗಿಡದಿಂದ ಬಂದ ಕ್ಯಾನ್ಸರ್ ಮದ್ದು: ತುಮಕೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ತುಮಕೂರಿನಲ್ಲಿ ಬಯೋಕೆಮಿಸ್ಟ್ರಿ ಓದಿದವಳು. ಎಂಎಸ್ಸಿ ಪ್ರಾಜೆಕ್ಟಿಗೆ ಎಲೆಯ ರಸವನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವ ಕೆಲಸ ಮಾಡಿದ್ದೆ. ಅದು ಹೇಗೋ ನೆಂಟರಿಗೆಲ್ಲ ಗೊತ್ತಾಗಿದೆ. ಈಗ ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದ ಎಲೆಯವರು "ಅಲ್ಲಮ್ಮಾ, ಲಕ್ಷ್ಮಣಫಲ ತಿಂದ್ರೆ ಗಡ್ಡೆ ಕರಗುತ್ತಂತೆ, ಹೌದಾ?" ಅಂತ ಶುರು ಮಾಡುತ್ತಾರೆ. ಸಾರು ಮುಗಿದು ಮಜ್ಜಿಗೆ ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಗಿಡಗಳಲ್ಲಿ ಕ್ಯಾನ್ಸರ್‌ಗೆ ಮದ್ದು ಇರೋದು ನಿಜಾನಾ?

ನಿಜ. ಇವತ್ತು ಆಸ್ಪತ್ರೆಯಲ್ಲಿ ಬಾಟ್ಲಿ ತೂಗುಹಾಕಿ ಕೊಡುವ ಕೀಮೋದಲ್ಲಿ ಹಲವು ಗಿಡದ ಮೂಲದವೇ. ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ನಿತ್ಯಪುಷ್ಪದಿಂದ ಬಂದವು. ಪ್ಯಾಕ್ಲಿಟ್ಯಾಕ್ಸೆಲ್ ಅಮೆರಿಕದ ಯೂ ಮರದ ತೊಗಟೆಯಿಂದ. ಎಟೊಪೊಸೈಡ್‌ನ ಮೂಲ ಪೊಡೊಫಿಲಮ್ ಅನ್ನುವ ಗಿಡ. ಇದರ ಒಂದು ಜಾತಿ ಹಿಮಾಲಯದಲ್ಲೂ ಬೆಳೆಯುತ್ತದೆ. ಇರಿನೊಟೆಕಾನ್ ಚೀನಾದ ಒಂದು ಮರದಲ್ಲಿ ಸಿಕ್ಕ ಕ್ಯಾಂಪ್ಟೊಥೆಸಿನ್ ಅನ್ನುವ ವಸ್ತುವನ್ನು ತಿದ್ದಿ ಮಾಡಿದ್ದು. ಅದೇ ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮ ಘಟ್ಟದ ಒಂದು ಸಣ್ಣ ಮರದಲ್ಲೂ ಇದೆ. ಇದೆ ಅಂತ ಗೊತ್ತಾಗಿದ್ದೇ ತಡ, ಆ ಮರಗಳನ್ನು ಲಾರಿಗಟ್ಟಲೆ ಕಡಿದರು.

ಮೇಲೆ ಹೇಳಿದ್ದೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಅಂದರೆ "ಇಂಗ್ಲಿಷ್ ಮದ್ದು ಬೇಡ, ಗಿಡದ ಮದ್ದು ಕೊಡಿ" ಅನ್ನುವವರು ಎಷ್ಟೋ ಸಲ ಗಿಡದ ಮದ್ದನ್ನೇ ಬೇಡ ಅನ್ನುತ್ತಿರುತ್ತಾರೆ.

ಗಿಡ ಯಾಕೆ ಇಂಥದ್ದನ್ನ ಮಾಡುತ್ತೆ? ನಮಗೋಸ್ಕರನಾ?

ಖಂಡಿತ ಅಲ್ಲ. ಗಿಡಕ್ಕೆ ಓಡೋಕೆ ಕಾಲಿಲ್ಲ. ಹುಳ, ಬೂಷ್ಟು, ಮೇಕೆ ಬಂದರೆ ನಿಂತಲ್ಲೇ ನಿಂತು ತಡೆಯಬೇಕು. ಅದಕ್ಕೆ ಕಹಿ, ಒಗರು, ವಿಷ ಕೂಡಿಟ್ಟುಕೊಳ್ಳುತ್ತದೆ. ಆ ವಿಷದಲ್ಲಿ ಕೆಲವು ನಮ್ಮ ಕೋಶಗಳಿಗೂ ತಗಲುತ್ತವೆ. ಅಷ್ಟೇ.

ನಿತ್ಯಪುಷ್ಪ ಅಂದ್ರೆ ನಮ್ಮನೆ ಮುಂದಿರೋದೇ ತಾನೇ?

ಅದೇ. ಕೆಲವರು ಕಾಶಿ ಕಣಗಲೆ ಅಂತಾರೆ, ಕೆಲವರು ಸದಾಪುಷ್ಪ. ಐದು ಎಸಳಿನ ಗುಲಾಬಿ ಅಥವಾ ಬಿಳಿ ಹೂವು. ಕ್ಯಾತ್ಸಂದ್ರದಿಂದ ಶಿರಾವರೆಗೆ ನೀರು ಹಾಕದಿದ್ದರೂ ಬದುಕುವ ಗಿಡ. ಇದರ ಮೂಲ ಮಡಗಾಸ್ಕರ್ ದ್ವೀಪ.

ಇದರ ಕಥೆ ನನಗೆ ತುಂಬ ಇಷ್ಟ. 1952ರಲ್ಲಿ ಕೆನಡಾದ ಒಬ್ಬ ವೈದ್ಯರಿಗೆ ಜಮೈಕಾದಿಂದ ಒಂದು ಲಕೋಟೆ ಬಂತು. ಒಳಗೆ 25 ಎಲೆ. ಅಲ್ಲಿಯ ಜನ ಸಕ್ಕರೆ ಕಾಯಿಲೆಗೆ ಇದರ ಟೀ ಕುಡಿಯುತ್ತಾರೆ, ನೋಡಿ ಅಂತ ರೋಗಿಯೊಬ್ಬರು ಕಳಿಸಿದ್ದು. ಆ ವೈದ್ಯರು ಅದನ್ನು ಸಂಶೋಧಕರಾಗಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್ ಅವರಿಗೆ ದಾಟಿಸಿದರು. ನೋಬಲ್ ಇಲಿಗಳಿಗೆ ಎಲೆಯ ಸಾರ ಕುಡಿಸಿದರು. ಸಕ್ಕರೆ ಇಳಿಯಲೇ ಇಲ್ಲ. ಆಮೇಲೆ ಸೂಜಿಯಲ್ಲಿ ಕೊಟ್ಟರು. ಆಗಲೂ ಸಕ್ಕರೆ ಹಾಗೇ ಇತ್ತು, ಇಲಿಗಳು ಮಾತ್ರ ಸೋಂಕು ತಗಲಿ ಸತ್ತವು. ಯಾಕೆ ಅಂತ ನೋಡಿದರೆ ರಕ್ತದ ಬಿಳಿ ಕಣಗಳು ನೆಲಕಚ್ಚಿದ್ದವು. ಬೇರೆಯವರಾಗಿದ್ದರೆ "ಪ್ರಯೋಗ ಫೇಲು" ಅಂತ ಫೈಲು ಮುಚ್ಚುತ್ತಿದ್ದರೇನೋ. ಅವರು ಉಲ್ಟಾ ಯೋಚನೆ ಮಾಡಿದರು. ಬಿಳಿ ಕಣ ಹೀಗೆ ಇಳಿಸುವ ವಸ್ತು, ಬಿಳಿ ಕಣ ಹುಚ್ಚುಚ್ಚಾಗಿ ಹೆಚ್ಚುವ ಲ್ಯುಕೇಮಿಯಾದಲ್ಲಿ ಕೆಲಸಕ್ಕೆ ಬರಬಹುದಲ್ವಾ? ಚಾರ್ಲ್ಸ್ ಬಿಯರ್ ಜೊತೆ ಸೇರಿ 1958ರ ಹೊತ್ತಿಗೆ ವಿನ್‌ಬ್ಲಾಸ್ಟೀನ್ ಬೇರ್ಪಡಿಸಿದರು. ಅದರ ತಮ್ಮನಂಥ ವಿನ್‌ಕ್ರಿಸ್ಟೀನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಇವತ್ತಿಗೂ ಬೇರೆ ಮದ್ದುಗಳ ಜೊತೆ ಅದನ್ನೇ ಕೊಡುತ್ತಾರೆ. ಒಂದು ಕಾಲಕ್ಕೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಸಾಯುತ್ತಿದ್ದ ಕಾಯಿಲೆ ಅದು. ಈಗ ಒಳ್ಳೆ ಚಿಕಿತ್ಸೆ ಸಿಕ್ಕ ಕಡೆ ಹತ್ತರಲ್ಲಿ ಎಂಟೊಂಬತ್ತು ಮಕ್ಕಳು ಉಳಿಯುತ್ತಾರೆ.

ಹಾಗಾದ್ರೆ ಎಲೆ ಕುದಿಸಿ ಕಷಾಯ ಕುಡಿದ್ರೆ ಆಯ್ತಲ್ಲ?

ದಯವಿಟ್ಟು ಬೇಡ. ಮೇಲಿನ ಕಥೆಯಲ್ಲೇ ಉತ್ತರ ಇದೆ: ಕುಡಿಸಿದಾಗ ಇಲಿಗಳಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ವಿನ್‌ಕ್ರಿಸ್ಟೀನ್ ಬಾಯಿಂದ ತೆಗೆದುಕೊಂಡರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಅದನ್ನು ನರಕ್ಕೇ ಕೊಡಬೇಕು.

ಇನ್ನೊಂದು, ಅಳತೆ. ದೊಡ್ಡವರಿಗೆ ಒಂದು ಸಲಕ್ಕೆ ಕೊಡುವ ವಿನ್‌ಕ್ರಿಸ್ಟೀನ್ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರುವುದಿಲ್ಲ. 2 ಮಿಲಿಗ್ರಾಂ ಅಂದರೆ ಎಷ್ಟು ಅಂತ ನೋಡಬೇಕಾದರೆ ಅಡುಗೆ ಮನೆಗೆ ಹೋಗಿ ಒಂದೇ ಒಂದು ರಾಗಿ ಕಾಳು ತಂದು ಅಂಗೈ ಮೇಲೆ ಇಟ್ಟುಕೊಳ್ಳಿ. ಅದಕ್ಕಿಂತ ಕಮ್ಮಿ. ಅಷ್ಟೇ ಪ್ರಮಾಣಕ್ಕೆ ಬೆರಳ ತುದಿ ಜೋಮು ಹಿಡಿಯುತ್ತದೆ, ಹೊಟ್ಟೆ ಕಟ್ಟುತ್ತದೆ. ಜಾಸ್ತಿ ಆದರೆ ಪ್ರಾಣಕ್ಕೇ ಅಪಾಯ. ಕೆಲವೇ ಗ್ರಾಂ ಮದ್ದು ತೆಗೆಯಲು ಕಾರ್ಖಾನೆಯವರಿಗೆ ಬೇಕಾಗುವುದು ಟನ್‌ಗಟ್ಟಲೆ ಒಣಗಿದ ಎಲೆ. ನಿಮ್ಮ ಒಂದು ಹಿಡಿ ಎಲೆಯಲ್ಲಿ ಮದ್ದು ಎಷ್ಟಿದೆ ಅಂತ ಯಾರಿಗೂ ಹೇಳಲಾಗುವುದಿಲ್ಲ. ಅದರ ಜೊತೆ ಗಿಡದಲ್ಲಿರುವ ನೂರಕ್ಕೂ ಹೆಚ್ಚು ಬೇರೆ ಆಲ್ಕಲಾಯ್ಡ್‌ಗಳೂ ಲೋಟಕ್ಕೆ ಇಳಿಯುತ್ತವೆ.

ಈ ಮದ್ದುಗಳು ಕೋಶದ ಒಳಗೆ ಹೋಗಿ ಏನು ಮಾಡುತ್ತವೆ?

ಕೋಶ ಎರಡಾಗುವಾಗ ಒಳಗೆ ಸಣ್ಣ ಸಣ್ಣ ಹಗ್ಗ ಹೊಸೆದುಕೊಳ್ಳುತ್ತದೆ. ವರ್ಣತಂತುಗಳನ್ನು ಆ ಕಡೆ ಅರ್ಧ, ಈ ಕಡೆ ಅರ್ಧ ಎಳೆಯುವುದು ಈ ಹಗ್ಗಗಳೇ. ತಿಪಟೂರು ಕಡೆ ತೆಂಗಿನ ನಾರು ಹೊಸೆಯೋದು ನೋಡಿದವರಿಗೆ ಬೇಗ ತಲೆಗೆ ಹೋಗುತ್ತದೆ. ನಿತ್ಯಪುಷ್ಪದ ಮದ್ದು ನಾರನ್ನೇ ಹಿಡಿದುಕೊಂಡು ಹಗ್ಗ ಆಗೋಕೆ ಬಿಡುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಇದರ ತದ್ವಿರುದ್ಧ. ಹೊಸೆದ ಹಗ್ಗ ಬಿಚ್ಚಿಕೊಳ್ಳದಂತೆ ಗಟ್ಟಿ ಮಾಡಿಬಿಡುತ್ತದೆ. ಸೂಸನ್ ಹಾರ್ವಿಟ್ಜ್ 1979ರಲ್ಲಿ ಇದನ್ನು ತೋರಿಸಿದಾಗ, ಹೀಗೂ ಕೋಶ ಕೊಲ್ಲಬಹುದಾ ಅಂತ ಎಲ್ಲರೂ ಬೆರಗಾದರು. ಎರಡರಲ್ಲೂ ಕೊನೆಗೆ ಆಗೋದು ಒಂದೇ: ಕೋಶ ಅರ್ಧ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಕ್ಯಾಂಪ್ಟೊಥೆಸಿನ್ ಜಾತಿಯವು ಮತ್ತು ಎಟೊಪೊಸೈಡ್ ಡಿಎನ್‌ಎಯ ಸಿಕ್ಕು ಬಿಡಿಸುವ ಕಿಣ್ವಗಳನ್ನು ಕೆಲಸದ ನಡುವೆಯೇ ಸಿಕ್ಕಿಸಿಬಿಡುತ್ತವೆ. ಆಗ ಎಳೆ ತುಂಡಾಗುತ್ತದೆ.

ಹೀಗೆ ಸಿಕ್ಕಿಬಿದ್ದ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಅದಕ್ಕೆ ಅಪೊಪ್ಟೋಸಿಸ್ ಅಂತ ಹೆಸರು. 1972ರಲ್ಲಿ ಇಟ್ಟದ್ದು, ಗ್ರೀಕ್‌ನಲ್ಲಿ ಎಲೆ ಉದುರುವುದು ಅಂತ ಅರ್ಥ. ಶಿವರಾತ್ರಿ ಹೊತ್ತಿಗೆ ಹೊಂಗೆ ಮರದ ಕೆಳಗೆ ನಿಂತಾಗೆಲ್ಲ ನನಗೆ ಈ ಪದ ನೆನಪಾಗುತ್ತದೆ.

ಕೂದಲು ಯಾಕೆ ಉದುರುತ್ತೆ ಅನ್ನೋದಕ್ಕೂ ಇಲ್ಲೇ ಉತ್ತರ ಇದೆ. ಕೂದಲ ಬುಡ, ಕರುಳಿನ ಒಳಪದರ, ಮೂಳೆ ಮಜ್ಜೆ ಕೂಡ ಬೇಗ ಬೇಗ ಒಡೆದು ಬೆಳೆಯುವ ಜಾಗಗಳು. ಮದ್ದಿಗೆ ಅವು ಬೇರೆ, ಇವು ಬೇರೆ ಅಂತ ಪೂರ್ತಿ ಗೊತ್ತಾಗುವುದಿಲ್ಲ. "ಗಿಡದ್ದು, ಸೈಡ್ ಎಫೆಕ್ಟ್ ಇಲ್ಲ" ಅನ್ನುವ ಮಾತು ಇಲ್ಲಿಗೇ ಮುಗಿಯಿತು.

ಪ್ಯಾಕ್ಲಿಟ್ಯಾಕ್ಸೆಲ್ ಕೊಡೋ ಮುಂಚೆ ಅಮ್ಮನಿಗೆ ಬೇರೆ ಇಂಜೆಕ್ಷನ್ ಕೊಟ್ಟರು. ಯಾಕೆ?

ಯೂ ಮರದ ಈ ವಸ್ತು ನೀರಿನಲ್ಲಿ ಕರಗುವುದೇ ಇಲ್ಲ. ಕರಗಿಸಲು ಬಳಸುವುದು ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರವ. ಹೌದು, ನಮ್ಮ ಹೊಲದ ಬದುವಿನ ಹರಳೇ. ಆ ದ್ರವ ಕೆಲವರಿಗೆ ಅಲರ್ಜಿ ಮಾಡುತ್ತದೆ. ಹಾಗಾಗಿ ಮೊದಲೇ ಸ್ಟೀರಾಯ್ಡ್ ಮತ್ತು ಅಲರ್ಜಿ ತಡೆಯುವ ಇಂಜೆಕ್ಷನ್ ಕೊಡುತ್ತಾರೆ.

ಈ ಮದ್ದಿನ ತೊಗಟೆ ಸಂಗ್ರಹಿಸಿದ್ದು 1962ರಲ್ಲಿ, ಬಳಕೆಗೆ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಮೂವತ್ತು ವರ್ಷ. ಬೇರ್ಪಡಿಸಿದ ಇಬ್ಬರಲ್ಲಿ ಒಬ್ಬರು ಮನ್ರೋ ವಾಲ್, ಇನ್ನೊಬ್ಬರು ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದ ಮನ್‌ಸುಖ್ ವಾಣಿ. ಕ್ಯಾಂಪ್ಟೊಥೆಸಿನ್ ಕಂಡುಹಿಡಿದವರೂ ಇವರೇ. ನಮ್ಮ ಪಠ್ಯಪುಸ್ತಕದಲ್ಲಿ ಈ ಹೆಸರು ಯಾಕೆ ಇರಲಿಲ್ಲವೋ! ತೊಗಟೆ ಸುಲಿದರೆ ಮರ ಸಾಯುತ್ತದೆ ಅಂತ ಆಮೇಲೆ ಯುರೋಪಿನ ಯೂ ಮರದ ಎಲೆಯಿಂದ ಅರ್ಧ ತಯಾರಾದ ವಸ್ತು ತೆಗೆದು, ಉಳಿದದ್ದನ್ನು ಲ್ಯಾಬ್‌ನಲ್ಲಿ ಜೋಡಿಸುವ ದಾರಿ ಹಿಡಿದರು.

"ಈ ಎಲೆ ಕ್ಯಾನ್ಸರ್ ಕೋಶ ಕೊಲ್ಲುತ್ತೆ, ಸಂಶೋಧನೆಯಲ್ಲಿ ಸಾಬೀತು" ಅಂತ ಪೇಪರ್‌ನಲ್ಲಿ ಓದಿದೆ. ಸುಳ್ಳಾ?

ಸುಳ್ಳು ಇರಲಿಕ್ಕಿಲ್ಲ. ಎಲ್ಲಿ ಕೊಂದಿತು ಅನ್ನೋದನ್ನು ಕೇಳಿ. ಇಂಥ ಸುದ್ದಿಗಳಲ್ಲಿ ಹೆಚ್ಚಿನವು ತಟ್ಟೆಯಲ್ಲಿ ನಡೆದ ಕೆಲಸ. ನಾನೂ ಅದೇ ಮಾಡಿದ್ದು, ಹಾಗಾಗಿ ಒಳಗಿನ ಕಥೆ ಹೇಳುತ್ತೇನೆ.

ಕೋಶಗಳು ಪುಣೆಯಿಂದ ಬರುತ್ತವೆ. ಅಲ್ಲಿ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ ಇದೆ. ನಮಗೆ ಬಂದದ್ದು ಹೀಲಾ ಕೋಶ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನುವ ಹೆಣ್ಣುಮಗಳ ಗರ್ಭಕೊರಳಿನ ಗಡ್ಡೆಯಿಂದ ಆಕೆಯನ್ನು ಕೇಳದೆ ತೆಗೆದದ್ದು, ಇನ್ನೂ ಬೆಳೆಯುತ್ತಲೇ ಇದೆ. 96 ಗುಂಡಿ ಇರುವ ಪ್ಲಾಸ್ಟಿಕ್ ತಟ್ಟೆಗೆ ಕೋಶ ಹಾಕಿ, ಮೇಲೆ ಎಲೆಯ ಸಾರ ಬೇರೆ ಬೇರೆ ಪ್ರಮಾಣದಲ್ಲಿ ಹಾಕಬೇಕು. ಒಂದೆರಡು ದಿನ ಬಿಟ್ಟು ಎಂಟಿಟಿ ಅನ್ನುವ ಹಳದಿ ಪುಡಿಯ ದ್ರಾವಣ ಹಾಕುತ್ತಾರೆ. ಬದುಕಿದ ಕೋಶ ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ. ಸತ್ತದ್ದು ತಿರುಗಿಸುವುದಿಲ್ಲ. ನೇರಳೆ ಕಮ್ಮಿ ಆದಷ್ಟೂ ನಮಗೆ ಖುಷಿ.

ನನ್ನದು ತಂಗಡಿ ಎಲೆ. ಮಧುಗಿರಿ ರಸ್ತೆ ಪಕ್ಕದಿಂದ ನಾನೇ ಕಿತ್ತು ತಂದು ನೆರಳಲ್ಲಿ ಒಣಗಿಸಿದ್ದು. ಫಲಿತಾಂಶ ನೋಡಿದರೆ ವಿಚಿತ್ರ: ಸಾರ ಜಾಸ್ತಿ ಹಾಕಿದಷ್ಟೂ ನೇರಳೆ ಜಾಸ್ತಿ. ತಂಗಡಿ ಕುಡಿದು ಕ್ಯಾನ್ಸರ್ ಕೊಬ್ಬುತ್ತಿದೆಯೇ? ಎರಡು ತಿಂಗಳು ಅದೇ ಮಾಡಿ ಅದೇ ಬಂತು. ಕೊನೆಗೆ ನಮ್ಮ ಗೈಡ್ ಕೇಳಿದರು: "ಕೋಶ ಇಲ್ಲದ ಗುಂಡಿಗೆ ಸಾರ, ಎಂಟಿಟಿ ಹಾಕಿ ನೋಡಿದ್ಯಾ?" ನೋಡಿರಲಿಲ್ಲ. ಹಾಕಿದೆ. ಖಾಲಿ ಗುಂಡಿಯೂ ನೇರಳೆ! ಎಲೆಯ ಒಗರಿನ ವಸ್ತುಗಳೇ ಎಂಟಿಟಿಯ ಬಣ್ಣ ತಿರುಗಿಸುತ್ತಿದ್ದವು, ಕೋಶ ಇರಲಿ ಬಿಡಲಿ. ಆ ದಿನ ಹಾಸ್ಟೆಲ್‌ಗೆ ಬಂದು ಊಟ ಮಾಡದೆ ಮಲಗಿದ್ದೆ. ಇಂಥ ಗುಂಡಿ ಇಡದೆ ಅಚ್ಚಾದ ಪ್ರಬಂಧಗಳು ಎಷ್ಟಿವೆಯೋ ಅಂತ ಈಗಲೂ ಅನಿಸುತ್ತದೆ.

ಹಾಗಾಗಿ ಸುದ್ದಿ ಓದುವಾಗ ಮೂರು ವಿಷಯ ಹುಡುಕಿ. ಎಷ್ಟು ಪ್ರಮಾಣಕ್ಕೆ ಸತ್ತವು? ಸಾರದ ಪ್ರಮಾಣ ಒಂದು ಮಿಲಿಲೀಟರಿಗೆ 20–30 ಮೈಕ್ರೋಗ್ರಾಂ ದಾಟಿದರೆ ತಿಳಿದವರು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಉಪ್ಪು ಜಾಸ್ತಿಯಾದರೂ, ಸೋಪಿನ ನೀರು ಬಿದ್ದರೂ ತಟ್ಟೆಯ ಕೋಶ ಸಾಯುತ್ತದೆ. ಎರಡನೆಯದು, ಆರೋಗ್ಯವಂತ ಕೋಶಕ್ಕೆ ಹಾಕಿ ನೋಡಿದರಾ? ಮೂರನೆಯದು, ಮನುಷ್ಯರಿಗೆ ಕೊಟ್ಟು ನೋಡಿದರಾ? ಮೂರನೆಯದಕ್ಕೆ ಬರುವಷ್ಟರಲ್ಲಿ ಬಹುತೇಕ ಎಲೆಗಳು ಉದುರಿಹೋಗಿರುತ್ತವೆ.

ಅರಿಶಿನ?

ಅರಿಶಿನದ ಹಳದಿ ವಸ್ತು ಕರ್ಕ್ಯುಮಿನ್ ತಟ್ಟೆಯಲ್ಲಿ ಭಾರಿ ಹುಲಿ. ಹೊಟ್ಟೆಗೆ ಹೋದರೆ ಬೆಕ್ಕು. ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಮ್ಮಿ, ಸೇರಿದ್ದನ್ನೂ ಲಿವರ್ ಬೇಗ ಹೊರಗೆ ಹಾಕುತ್ತದೆ. ಪ್ರಯೋಗಗಳಲ್ಲಿ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದ್ದಾರೆ. ಅರಿಶಿನದಲ್ಲಿ ಅದು ಇರುವುದು ಹೆಚ್ಚುಕಡಿಮೆ ನೂರಕ್ಕೆ ಮೂರು ಪಾಲು. ಲೆಕ್ಕ ಹಾಕಿ: ದಿನಕ್ಕೆ ಕಾಲು ಕೆಜಿಗೂ ಜಾಸ್ತಿ ಅರಿಶಿನ ಪುಡಿ! ಅಷ್ಟು ಕೊಟ್ಟರೂ ರಕ್ತದಲ್ಲಿ ಸಿಕ್ಕಿದ್ದು ಚೂರುಪಾರು.

ಮೆಣಸು ಸೇರಿಸಿದರೆ? ಆ ಪ್ರಯೋಗ ನಡೆದದ್ದು ನಮ್ಮ ಪಕ್ಕದಲ್ಲೇ, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. 1998ರಲ್ಲಿ ಪ್ರಕಟವಾಯಿತು. ಮೆಣಸಿನ ಪೈಪರಿನ್ ಜೊತೆ ಕೊಟ್ಟಾಗ ರಕ್ತಕ್ಕೆ ಸೇರಿದ್ದು 20 ಪಟ್ಟು ಹೆಚ್ಚಾಯಿತು. ಕೇಳೋಕೆ ಜೋರಾಗಿದೆ, ಆದರೆ ಹೆಚ್ಚುಕಡಿಮೆ ಸೊನ್ನೆಯ 20 ಪಟ್ಟು ಅದು. ಅಲ್ಲದೆ ಕರ್ಕ್ಯುಮಿನ್ ಬಣ್ಣದ ವಸ್ತು, ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಲ್ಯಾಬ್ ಪರೀಕ್ಷೆಗಳನ್ನೇ ಯಾಮಾರಿಸುತ್ತದೆ ಅಂತ ಔಷಧ ರಸಾಯನಶಾಸ್ತ್ರದವರು 2017ರಲ್ಲಿ ವಿವರವಾಗಿ ಬರೆದರು.

ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಯಾವ ಅಡ್ಡಿಯೂ ಇಲ್ಲ. ಕ್ಯಾಪ್ಸೂಲ್ ಕಥೆ ಬೇರೆ. ಅದರಿಂದ ಲಿವರ್ ಹಾಳಾದ ಪ್ರಕರಣಗಳು ದಾಖಲಾಗಿವೆ.

ಲಕ್ಷ್ಮಣಫಲ ಕೀಮೋಗಿಂತ 10,000 ಪಟ್ಟು ಪವರ್‌ಫುಲ್ ಅಂತೆ?

ವಾಟ್ಸಾಪ್‌ನ ಈ ಸಂಖ್ಯೆಗೂ ಒಂದು ಹುಟ್ಟೂರಿದೆ. 1996ರಲ್ಲಿ ಈ ಹಣ್ಣಿನ ಬೀಜದಿಂದ ತೆಗೆದ ಒಂದು ವಸ್ತುವನ್ನು ಒಂದೇ ಬಗೆಯ ಕರುಳಿನ ಕ್ಯಾನ್ಸರ್ ಕೋಶದ ಮೇಲೆ ತಟ್ಟೆಯಲ್ಲಿ ಹಾಕಿದಾಗ ಬಂದ ಹೋಲಿಕೆ ಅದು. ಬೀಜ, ಒಂದು ವಸ್ತು, ತಟ್ಟೆ. ಅದು ದಾಟಿ ಬರುವಷ್ಟರಲ್ಲಿ "ಹಣ್ಣು ತಿಂದರೆ ವಾಸಿ" ಆಯಿತು. ಈ ಜಾತಿಯ ಅನೊನಾಸಿನ್ ಅನ್ನುವ ವಸ್ತು ನರಕೋಶಕ್ಕೆ ವಿಷ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಇದರ ಎಲೆ ಟೀ ತುಂಬ ಬಳಸುವವರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆ ಹೆಚ್ಚು ಕಂಡಿದೆ. ನಮ್ಮಜ್ಜಿ ಸೀತಾಫಲದ ಬೀಜ ಅರೆದು ಹೇನಿಗೆ ಹಚ್ಚುತ್ತಿದ್ದರು, "ಕಣ್ಣಿಗೆ ಬಿದ್ರೆ ಕಣ್ಣು ಹೋಯ್ತು" ಅಂತ ಬಟ್ಟೆ ಬಿಗಿದು ಕಟ್ಟುತ್ತಿದ್ದರು. ಎರಡೂ ಒಂದೇ ಕುಲ. ಅಜ್ಜಿಗೆ ಗೊತ್ತಿತ್ತು.

ಕೋಲಾರದ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ?

ತಿನ್ನಿ, ಚೆನ್ನಾಗಿರುತ್ತವೆ. ಟೊಮೆಟೊದ ಲೈಕೋಪೀನ್, ಕಪ್ಪು ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಹೆಸರು ಆಗಾಗ ಬರುತ್ತದೆ. ಗಡ್ಡೆ ಕರಗಿಸಿದ ಪುರಾವೆ ಇಲ್ಲ.

ಅಡಿಕೇಲೂ ಔಷಧಿ ಗುಣ ಇದೆ ಅಂತಾರಲ್ಲ?

ಇದು ಸೂಕ್ಷ್ಮದ ಪ್ರಶ್ನೆ. ಗುಬ್ಬಿ ತಾಲೂಕಿನಲ್ಲಿ ನಮ್ಮದೂ ಅಡಿಕೆ ತೋಟವೇ, ನನ್ನ ಫೀಸು ಕಟ್ಟಿದ್ದು ಅದೇ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಸಾಲಿಗೆ ಸೇರಿಸಿತು. ತಂಬಾಕು ಇಲ್ಲದಿದ್ದರೂ ಅಷ್ಟೇ. ಅಗಿಯುತ್ತಾ ಹೋದರೆ ಕೆನ್ನೆಯ ಒಳಪದರ ಬಿಗಿದು, ಬಾಯಿಗೆ ಎರಡು ಬೆರಳೂ ತೂರದ ಹಾಗಾಗುತ್ತದೆ. ನಮ್ಮ ಕಡೆ ಹೆಂಗಸರು ಎಲೆ ಅಡಿಕೆ ಜೊತೆ ಕಡ್ಡಿಪುಡಿ ಕೆನ್ನೆಗೆ ಒತ್ತಿಕೊಂಡು ರಾತ್ರಿಯೆಲ್ಲ ಮಲಗುತ್ತಾರಲ್ಲ, ಅದು ಇನ್ನೂ ಕೆಟ್ಟದ್ದು. ಅಡಿಕೆ ಸಾರವೂ ತಟ್ಟೆಯಲ್ಲಿ ಕೋಶ ಕೊಲ್ಲುತ್ತದೆ. ತಟ್ಟೆಯ ಮಾತಿಗೆ ಎಷ್ಟು ಬೆಲೆ ಅಂತ ಇದರಿಂದಲೇ ತಿಳಿದುಕೊಳ್ಳಿ.

ಕೀಮೋ ನಡೀತಿದೆ. ಜೊತೆಗೆ ಕಷಾಯ ಕುಡಿಯಬಹುದಾ?

ಡಾಕ್ಟರಿಗೆ ಹೇಳದೆ ಬೇಡ. ಬೈತಾರೆ ಅಂತ ಮುಚ್ಚಿಡುವವರೇ ಜಾಸ್ತಿ. ಮುಚ್ಚಿಟ್ಟರೆ ಕಷ್ಟ ನಿಮಗೇ. ಹಲವು ಕೀಮೋ ಮದ್ದುಗಳನ್ನು ಅರಗಿಸುವುದು ಲಿವರ್‌ನ ಒಂದು ಕಿಣ್ವ. ಅದನ್ನು ತಡೆದರೆ ಮದ್ದು ರಕ್ತದಲ್ಲೇ ಉಳಿದು ವಿಷವಾಗುತ್ತದೆ. ಮೆಣಸಿನ ಪೈಪರಿನ್ ಜಾಸ್ತಿಯಾದರೆ ಹೀಗೆ ಮಾಡಬಲ್ಲದು. ಮಾತ್ರೆಯ ಡಬ್ಬಿ ಮೇಲೆ "ಗ್ರೇಪ್‌ಫ್ರೂಟ್ ತಿನ್ನಬೇಡಿ" ಅಂತ ಬರೆದಿರುತ್ತದೆ. ಅದೇನೋ ಫಾರಿನ್ ಹಣ್ಣು ಅಂತ ಬಿಟ್ಟುಬಿಡುತ್ತೇವೆ. ನಮ್ಮ ದೇವನಹಳ್ಳಿ ಚಕ್ಕೋತ ಇದೆಯಲ್ಲ, ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಜಾತಿ ಕಲೆತು. ಆ ಕಿಣ್ವ ತಡೆಯುವ ಗುಣ ಚಕ್ಕೋತಕ್ಕೂ ಇದೆ. ಅಮೃತಬಳ್ಳಿ ಕುಡಿದು ಲಿವರ್ ಊದಿಕೊಂಡ ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಏಪ್ರಿಕಾಟ್ ಬೀಜವನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಇರೋದು ಸಯನೈಡ್ ಬಿಡುವ ವಸ್ತು. 1982ರಲ್ಲಿ ಅಮೆರಿಕದಲ್ಲಿ 178 ರೋಗಿಗಳಿಗೆ ಅದನ್ನು ಕೊಟ್ಟು ನೋಡಿದರು, ಯಾರಿಗೂ ವಾಸಿಯಾಗಲಿಲ್ಲ.

ಸಿದ್ಧರಬೆಟ್ಟದ ಬೇರು ತಂದು ಕೊಡೋರು ಇದ್ದಾರೆ. ಒಂದು ಮೂರು ತಿಂಗಳು ಅದನ್ನೇ ನೋಡೋಣ ಅಂತ...

ಸಿದ್ಧರಬೆಟ್ಟದಲ್ಲಿ ಒಳ್ಳೊಳ್ಳೆ ಮೂಲಿಕೆಗಳಿವೆ, ಅದರಲ್ಲಿ ಎರಡು ಮಾತಿಲ್ಲ. ಆ ಮೂರು ತಿಂಗಳದ್ದೇ ನನಗೆ ಭಯ.

ನಮ್ಮ ದೊಡ್ಡಮ್ಮನಿಗೆ ಎದೆಯಲ್ಲಿ ಹುಣಸೆ ಬೀಜದಷ್ಟು ಗಂಟು ಕಾಣಿಸಿತು. ಯಾರೋ ಕೊಟ್ಟ ಪುಡಿ, ಪಥ್ಯ, ಬೆಳಗ್ಗೆ ಖಾಲಿ ಹೊಟ್ಟೆಗೆ ಕಷಾಯ. "ಮೆತ್ತಗಾಗ್ತಿದೆ ಕಣೇ" ಅಂತ ಪ್ರತಿ ವಾರ ಫೋನಿನಲ್ಲಿ ಹೇಳುತ್ತಿದ್ದಳು. ಐದನೇ ತಿಂಗಳು ನಾನು ಊರಿಗೆ ಹೋದಾಗ ಸೆರಗು ಸರಿಸಿ ತೋರಿಸಿದಳು. ನಿಂಬೆಕಾಯಿ ಗಾತ್ರ, ಮೇಲಿನ ಚರ್ಮ ಕಿತ್ತಳೆ ಸಿಪ್ಪೆ ಥರ ಗುಳಿಗುಳಿ. ಕಂಕುಳಲ್ಲೂ ಗಂಟು. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಅವಳಿಗೆ ಕೊಟ್ಟ ಮದ್ದುಗಳಲ್ಲಿ ಒಂದು ಪ್ಯಾಕ್ಲಿಟ್ಯಾಕ್ಸೆಲ್. ಮರದ ತೊಗಟೆಯದು ಅಂತ ಹೇಳಿದಾಗ, "ಮೊದಲೇ ಹೇಳಿದ್ರೆ ಇದನ್ನೇ ತಗೋತಿದ್ದೆ" ಅಂದಳು. ಎರಡು ವರ್ಷ ಇದ್ದಳು.

2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು, ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಮದ್ದು ನಂಬಿದ 281 ರೋಗಿಗಳ ಲೆಕ್ಕ ಪ್ರಕಟಿಸಿದರು. ಕ್ಯಾನ್ಸರ್ ದೂರಕ್ಕೆ ಹರಡದೆ ಇದ್ದವರೇ ಎಲ್ಲ. ಚಿಕಿತ್ಸೆ ತೆಗೆದುಕೊಂಡವರಿಗೆ ಹೋಲಿಸಿದರೆ ಅವರು ಸಾಯುವ ಸಂಭವ ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಹೆಚ್ಚು.

ಇನ್ನು ಬಸ್‌ಸ್ಟ್ಯಾಂಡ್ ಗೋಡೆಯ "ಕ್ಯಾನ್ಸರ್ ಗ್ಯಾರಂಟಿ ವಾಸಿ" ಪೋಸ್ಟರ್. 1954ರ ಕಾನೂನಿನ ಪ್ರಕಾರ ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಹಾಕೋದೇ ಅಪರಾಧ. ಯಾರೂ ಹರಿದು ಹಾಕಲ್ಲ, ಅಷ್ಟೇ.

ದುಡ್ಡು?

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್ ತೆಗೆದುಕೊಂಡು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿಗೆ ಹೋಗುವುದಾದರೆ ಬೆಳಗಿನ ಮೊದಲ ಬಸ್ಸು ಹಿಡಿಯಿರಿ, ಕ್ಯೂ ದೊಡ್ಡದಿರುತ್ತದೆ.

ಹಾಗಾದ್ರೆ ಮನೆ ಮುಂದಿನ ನಿತ್ಯಪುಷ್ಪ ಕಿತ್ತು ಹಾಕೋದಾ?

ಯಾಕೆ? ಇರಲಿ ಬಿಡಿ. ಪೂಜೆಗೆ ಹೂವು ಸಿಗುತ್ತದೆ. ಮಕ್ಕಳು ಎಲೆ ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಮೇಕೆ ಬಗ್ಗೆ ಚಿಂತೆ ಬೇಡ. ನಮ್ಮ ಬೀದಿಯ ಮೇಕೆಗಳು ಗುಲಾಬಿ, ದಾಸವಾಳ, ಒಣಗಲು ಹಾಕಿದ ಟವೆಲ್ ಎಲ್ಲ ತಿಂದಿವೆ. ಇದನ್ನು ಮಾತ್ರ ಮೂಸಿ ನೋಡಿ ಮುಂದೆ ಹೋಗುತ್ತವೆ.